ಆಷಾಢದಲ್ಲಿ ಬಂದವರು

ಮನೆ ಮಾರುತ್ತೇವೆ ಎಂದು ಬಾಯಿ ಬಿಟ್ಟ ದಿನದಿಂದ ಒಂದು ಪ್ರಶ್ನೆ ನಮ್ಮ ಬೆನ್ನು ಹತ್ತಿತು. ಎಷ್ಟಕ್ಕೆ ಎಂದು ಕೇಳಿದವರು ಕಡಿಮೆ. ಏಕೆ ಎಂದು ಕೇಳಿದವರು ಇನ್ನೂ ಕಡಿಮೆ. ಅಪ್ಪ ಹೋದ ಮೇಲೆ ಅಮ್ಮ ಬೆಂಗಳೂರಿಗೆ ನನ್ನ ಮನೆಗೆ ಬಂದಿದ್ದರು, ಮೈಸೂರಿನ ಕುವೆಂಪುನಗರದ ಮನೆಗೆ ಬೀಗ ಬಿದ್ದಿತ್ತು, ಕಾರಣ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಕೇಳಿದ್ದು ‘ಯಾವಾಗ?’ ಎಂದು. ಕೇಳಿ ಸುಮ್ಮನಾಗಲೂ ಇಲ್ಲ, ಉತ್ತರವನ್ನೂ ಅವರೇ ಕೊಟ್ಟರು. ಸೋದರತ್ತೆ ಯುಗಾದಿ ಕಳೆಯಲಿ ಎಂದರು. ಅಣ್ಣ ನ್ಯೂಜೆರ್ಸಿಯಿಂದ ಫೋನ್ ಮಾಡಿ, ತನ್ನ ಬೀದಿಯಲ್ಲಿ ಎಲ್ಲರೂ ಹೂ ಬಿಡುವ ಕಾಲಕ್ಕೇ ಮನೆ ಮುಂದೆ ಬೋರ್ಡು ನೆಡುತ್ತಾರೆ, ನಾವೂ ಏಪ್ರಿಲ್‌ ತಪ್ಪಿಸಬಾರದು ಎಂದ. ಪಕ್ಕದ ಮನೆಯ ನಿವೃತ್ತ ಮೇಷ್ಟರು ದಸರಾ ತನಕ ಕಾಯಿರಿ ಎಂದರು. ಲೆಕ್ಕಪರಿಶೋಧಕರು ಯಾವ ತಿಂಗಳಾದರೂ ಸರಿ, ಮಾರ್ಚ್ ಒಂದು ಬೇಡ ಎಂದರು. ಬ್ರೋಕರ್ ಮಾತ್ರ ‘ಇವತ್ತೇ’ ಎಂದರು. ಅದು ಅವರ ವೃತ್ತಿಧರ್ಮ.

ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವುದನ್ನು ಕೇಳಿ ನನಗೆ ಗೊಂದಲವಾಯಿತು. ಏಕೆಂದರೆ ಮೈಸೂರಿನಲ್ಲಿ ಮನೆಯ ಬೆಲೆ ತಿಂಗಳಿಂದ ತಿಂಗಳಿಗೆ ಏರಿ ಇಳಿಯುವುದನ್ನು ನಾನು ಕಂಡವಳಲ್ಲ. ರಸ್ತೆ ಬಂದಾಗ, ಕಾವೇರಿಯದೋ ಕಬಿನಿಯದೋ ನೀರು ಬಂದಾಗ, ದೊಡ್ಡ ಕಂಪನಿ ಬಂದಾಗ ಬೆಲೆ ಏರುತ್ತದೆ. ಏರಿದ್ದು ಹಾಗೆಲ್ಲ ಇಳಿಯುವುದೂ ಇಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಭಾನುವಾರಗಳಲ್ಲಿ ಬೆಂಗಳೂರಿನ ಕಾರುಗಳು ನಮ್ಮ ಬೀದಿಯಲ್ಲಿ ನಿಧಾನವಾಗಿ ಸುತ್ತತೊಡಗಿದವು, ಗೇಟಿನ ಮೇಲಿನ ಬೋರ್ಡುಗಳನ್ನು ಓದುತ್ತಾ. ಅದೆಲ್ಲ ವರ್ಷಗಳ ಲೆಕ್ಕ. ಹಾಗಿದ್ದೂ, ಒಮ್ಮೆಯಾದರೂ ಮನೆ ಮಾರಿದವರು ತಿಂಗಳಿನ ಬಗ್ಗೆ ಆಣೆ ಇಟ್ಟಂತೆ ಮಾತನಾಡುತ್ತಾರೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಬೋರ್ಡು ಹಾಕಿಕೊಂಡು ಕೂತ ಮೇಲೆ ನನಗೂ ಒಂದು ಸಂಗತಿ ಕಂಡಿತು: ತಿಂಗಳು ಬದಲಾದರೆ ಬೆಲೆ ಅಷ್ಟೇನೂ ಬದಲಾಗದು, ಬಾಗಿಲಿಗೆ ಬರುವ ಜನ ಬದಲಾಗುತ್ತಾರೆ. ಯಾವ ತಿಂಗಳು ಎಂದು ತೀರ್ಮಾನಿಸುವಾಗ ನಾವು ಯಾರಿಗೆ ಮಾರಬೇಕು ಎಂದೇ ತೀರ್ಮಾನಿಸುತ್ತಿರುತ್ತೇವೆ.

ಶೂನ್ಯಮಾಸಗಳ ಲೆಕ್ಕ

ಆಷಾಢ ಬೇಡ, ಪಿತೃಪಕ್ಷ ಬೇಡ, ಧನುರ್ಮಾಸ ಬೇಡ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಪಂಚಾಂಗ ನೋಡದವರೂ ಮನೆಯ ವಿಷಯಕ್ಕೆ ಬಂದಾಗ ‘ನಮಗೆ ನಂಬಿಕೆ ಇಲ್ಲ, ಆದರೆ ಮನೆಯ ಹಿರಿಯರಿಗೆ…’ ಎಂದು ಮಾತು ಶುರು ಮಾಡುತ್ತಾರೆ. ಗೃಹಪ್ರವೇಶಕ್ಕೆ ಮಾತ್ರ ನೋಡಬೇಕಾದ ಮಾಸವನ್ನು ನಾವು ಕ್ರಯಪತ್ರಕ್ಕೂ ವಿಸ್ತರಿಸಿ, ಅಲ್ಲಿಂದ ಕರಾರಿಗೆ, ಕರಾರಿನಿಂದ ಮುಂಗಡಕ್ಕೆ, ಕೊನೆಗೆ ಮನೆ ನೋಡಲು ಬರುವುದಕ್ಕೂ ವಿಸ್ತರಿಸಿದ್ದೇವೆ. ಮುಂಗಾರು ಹಿಡಿದು, ಕೈಯಲ್ಲಿದ್ದ ಕಾಸೆಲ್ಲ ಬೀಜ ಗೊಬ್ಬರಕ್ಕೆ ಹೋಗಿ, ಎತ್ತೂ ಆಳೂ ಹೊಲದಲ್ಲಿರುವ ತಿಂಗಳಲ್ಲಿ ಮದುವೆ–ಮನೆ ಬೇಡ ಎಂದದ್ದರಲ್ಲಿ ವ್ಯವಹಾರಜ್ಞಾನವೇ ಹೆಚ್ಚಿರಬೇಕು ಎಂದು ನನ್ನ ಅನಿಸಿಕೆ. ಸಂಬಳ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವವರಿಗೂ ಆ ನಿಯಮ ಅಂಟಿಕೊಂಡಿದೆ, ಅಷ್ಟೆ. ಇದರಲ್ಲಿ ಮೈಸೂರಿನದೇ ಒಂದು ತಮಾಷೆ ಇದೆ. ಉಪನೋಂದಣಿ ಕಚೇರಿಗೆ ಕಾಲಿಡಬಾರದು ಎನ್ನುವ ಅದೇ ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಾಯಿಯ ವರ್ಧಂತಿಯೂ ಅದೇ ಮಾಸದಲ್ಲಿ. ದೇವಿಗೆ ಆಗುವ ತಿಂಗಳು ಮನೆಗೆ ಏಕೆ ಆಗದು ಎಂದು ಸೋದರತ್ತೆಯನ್ನು ಕೇಳಿದೆ. ‘ನೀನು ಹೀಗೆಲ್ಲ ಕೇಳುತ್ತೀ ಎಂದೇ ನಿನಗೆ ಹೇಳುವುದಿಲ್ಲ’ ಎಂದರು.

ಲೆಕ್ಕ ಹಾಕಿದರೆ ಶೂನ್ಯ ದಿನಗಳು ಕಡಿಮೆಯೇನಲ್ಲ. ಆಷಾಢ ಒಂದು ತಿಂಗಳು, ಭಾದ್ರಪದದ ಕೃಷ್ಣಪಕ್ಷ ಹದಿನೈದು ದಿನ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯ ತನಕ ಧನುರ್ಮಾಸ ಇನ್ನೊಂದು ತಿಂಗಳು. ಇದರ ಮೇಲೆ ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ. 2023ರಲ್ಲಿ ಜುಲೈ 17ಕ್ಕೆ ಆಷಾಢ ಮುಗಿಯಿತು ಎನ್ನುವಷ್ಟರಲ್ಲಿ ಮರುದಿನವೇ ಅಧಿಕ ಶ್ರಾವಣ ಹಿಡಿದು ಆಗಸ್ಟ್ 16ರ ತನಕ ಎಳೆಯಿತು. ಎರಡು ತಿಂಗಳು ಮನೆ ವ್ಯವಹಾರದವರಿಗೆ ಏಕಾದಶಿ. 2020ರಲ್ಲಿ ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬರಬೇಕಾದ ನವರಾತ್ರಿ ಅಧಿಕ ಆಶ್ವೀಜದಿಂದಾಗಿ ಒಂದು ತಿಂಗಳು ತಡವಾಗಿ ಬಂತು. ಈ ವರ್ಷ, 2026ರಲ್ಲಿ, ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ. ಅಂದರೆ ಅಕ್ಷಯ ತೃತೀಯ ಕಳೆದು ನಾಲ್ಕು ವಾರಕ್ಕೆ ಬಾಗಿಲು ಹಾಕುತ್ತದೆ; ಮತ್ತೆ ತೆರೆದು ಒಂದು ತಿಂಗಳಿಗೆ ಆಷಾಢ. ಬೇಸಿಗೆಯಲ್ಲೇ ಮಾರುತ್ತೇನೆ ಎಂದು ಹೊರಟವರು ಇದನ್ನು ಜನವರಿಯಲ್ಲೇ ನೋಡಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು. ನಂಬಿಕೆ ನಿಮಗಿಲ್ಲದಿರಬಹುದು, ಕೊಳ್ಳುವವರ ಅತ್ತೆಗೆ ಇರುತ್ತದೆ.

ನೋಂದಣಿಯ ದಿನ ಗೊತ್ತು ಮಾಡುವಾಗಲೂ ಇದೇ ಕಥೆ. ಈಗ ‘ಕಾವೇರಿ’ ತಂತ್ರಾಂಶದಲ್ಲಿ ಮನೆಯಿಂದಲೇ ಸಮಯ ಆರಿಸಿಕೊಳ್ಳಬಹುದು. ಆ ಸೌಲಭ್ಯವನ್ನು ನಮ್ಮ ಜನ ಬಳಸುವುದು ಮುಖ್ಯವಾಗಿ ರಾಹುಕಾಲ ತಪ್ಪಿಸಿಕೊಳ್ಳಲು. ಶುಕ್ರವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು ಯಾರಿಗೂ ಬೇಡ. ಅವಸರದಲ್ಲಿರುವ ನಾಸ್ತಿಕರು ಗುರುತು ಹಾಕಿಕೊಳ್ಳಬಹುದು.

ಬಿಸಿಲಿಗೆ ಬಂದ ದಂಪತಿ

ನಾವು ಬೋರ್ಡು ಹಾಕಿದ್ದು 2025ರ ಯುಗಾದಿ ಕಳೆದ ಮೇಲೆ, ಸೋದರತ್ತೆ ಹೇಳಿದ ಹಾಗೆಯೇ. ಒಳಗೆ ಸುಣ್ಣ–ಬಣ್ಣ ಆಗಿತ್ತು. ಏಪ್ರಿಲ್‌ನಲ್ಲಿ ಜನ ಬಂದರು, ನಿಜಕ್ಕೂ ಬಂದರು. ಭಾನುವಾರ ಬೆಳಿಗ್ಗೆ ಒಬ್ಬರು ಹೊರಡುವಾಗ ಇನ್ನೊಬ್ಬರು ಗೇಟಿನಲ್ಲಿ. ಬಹುತೇಕ ಎಲ್ಲರಿಗೂ ಶಾಲೆಗೆ ಹೋಗುವ ಮಕ್ಕಳು. ಬೇಸಿಗೆ ರಜೆಯಲ್ಲಿ ಮನೆ ಬದಲಿಸಿ, ಮೇ ಕೊನೆಗೆ ಶಾಲೆ ತೆರೆಯುವ ಹೊತ್ತಿಗೆ ಪಾತ್ರೆಪರಡಿ ಜೋಡಿಸಿ ಕೂತಿರಬೇಕು ಎಂಬುದು ಅವರ ಲೆಕ್ಕ. ಅವರಲ್ಲಿ ಒಂದು ಕುಟುಂಬ ನನಗೆ ಚೆನ್ನಾಗಿ ನೆನಪಿದೆ. ಗಂಡ ಮೈಸೂರಿನದೇ ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ, ಹೆಂಡತಿ ಕಾಲೇಜಿನಲ್ಲಿ ಪಾಠ. ಜೊತೆಗೆ ಗಂಡನ ತಾಯಿ. ದಂಪತಿ ಹಾಲ್‌ನಲ್ಲಿ ನಿಂತು ಸೋಫಾ ಎಲ್ಲಿ ಇಡುವುದು ಎಂದು ಮಾತನಾಡುತ್ತಿದ್ದರೆ ಆಕೆ ನೇರವಾಗಿ ಅಡುಗೆಮನೆಗೆ ಹೋಗಿ ಒಲೆಯ ಕಟ್ಟೆಯ ಮುಂದೆ ನಿಂತರು. ಮುಖ ಪೂರ್ವಕ್ಕೆ. ತೃಪ್ತಿಯಾಯಿತು. ಬೀದಿ ಬಾಗಿಲು ಪಶ್ಚಿಮಕ್ಕೆ ಎಂಬುದು ಅವರಿಗೆ ಕೊಂಚ ಇರುಸುಮುರುಸು. ಆದರೆ ಹಿತ್ತಲಿಗೆ ಬಂದು ಬಾದಾಮಿ ಮಾವಿನ ಮರ ಮೈತುಂಬ ಕಾಯಿ ಹೊತ್ತು ನಿಂತಿದ್ದನ್ನು ಕಂಡ ಮೇಲೆ ಪಶ್ಚಿಮದ ಮಾತು ಎತ್ತಲಿಲ್ಲ. ಅಂದು ಅಮ್ಮನೂ ನನ್ನ ಜೊತೆ ಬಂದಿದ್ದರು. ಇಬ್ಬರೂ ಮರದ ಕೆಳಗೆ ನಿಂತು ಉಪ್ಪಿನಕಾಯಿಗೆ ಯಾವ ಮಾವು ಎಂದು ಮಾತಿಗೆ ಕೂತುಬಿಟ್ಟರು. ಬ್ರೋಕರ್ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ‘ಆಯಿತು’ ಎಂದರು.

ಆಗಲಿಲ್ಲ. ಅವರು ಬೆಲೆಯ ಬಗ್ಗೆ ಹೆಚ್ಚು ಎಳೆದಾಡಲೇ ಇಲ್ಲ. ಬೇಸಿಗೆಯ ಗಿರಾಕಿಗೆ ಅವಸರವಿರುತ್ತದೆ, ಅವಸರವಿದ್ದವರು ಚೌಕಾಸಿ ಮಾಡುವುದು ಕಡಿಮೆ. ಏಪ್ರಿಲ್ ಒಳ್ಳೆಯ ಕಾಲ ಎನ್ನುವವರು ಕಂಡಿರುವುದು ಇದನ್ನೇ. ಆದರೆ ಆ ಅವಸರ ಎರಡು ಕಡೆಯೂ ಕೊಯ್ಯುತ್ತದೆ. ಅವರದ್ದು ಬ್ಯಾಂಕ್ ಸಾಲ. ಬ್ಯಾಂಕಿನ ವಕೀಲರು ಮೂಲ ಪತ್ರ, ಋಣಭಾರ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಹೆಸರಿಗೆ ಬಂದ ಖಾತೆ, ಅಮೆರಿಕದಲ್ಲಿರುವ ಅಣ್ಣನ ಅಧಿಕಾರಪತ್ರ ಎಲ್ಲ ಕೇಳಿದರು. ಅಧಿಕಾರಪತ್ರ ಇನ್ನೂ ನ್ಯೂಯಾರ್ಕಿನ ಕಾನ್ಸುಲೇಟ್ ದಾಟಿ ಬಂದಿರಲಿಲ್ಲ. ಮೇ ಎರಡನೆಯ ವಾರದ ತನಕ ಕಾದು, ಬೇಸರಿಸದೆ ಕ್ಷಮೆ ಕೇಳಿ, ರಾಮಕೃಷ್ಣನಗರದಲ್ಲಿ ಸಿದ್ಧವಾಗಿದ್ದ ಬೇರೆ ಮನೆ ನೋಡಿಕೊಂಡರು. ಮಕ್ಕಳ ಶಾಲೆ ನಮಗಾಗಿ ಕಾಯುವುದಿಲ್ಲವಲ್ಲ.

ಬೇಸಿಗೆಯಲ್ಲಿ ಮಾರುವುದು ಎಂದರೆ ಬೇಸಿಗೆಯಲ್ಲಿ ಬೋರ್ಡು ಹಾಕುವುದಲ್ಲ. ಹಿಂದಿನಿಂದ ಎಣಿಸಬೇಕು. ಮೇ ಮಧ್ಯಕ್ಕೆ ಕೀಲಿಕೈ ಕೊಡಬೇಕಾದರೆ ಏಪ್ರಿಲ್ ಕೊನೆಗೆ ನೋಂದಣಿ. ಅದಕ್ಕೂ ಮುಂಚೆ ಸಾಲ ಮಂಜೂರಾಗಲು, ಕಾನೂನು ಅಭಿಪ್ರಾಯ ಬರಲು, ಬ್ಯಾಂಕಿನವರು ಬಂದು ಅಳೆದು ಮೌಲ್ಯ ಕಟ್ಟಲು ಮೂರು ನಾಲ್ಕು ವಾರ. ಅದಕ್ಕೂ ಮುಂಚೆ ಕರಾರು. ಅದಕ್ಕೂ ಮುಂಚೆ ನೋಡುವ, ಮತ್ತೆ ನೋಡುವ, ಹೆಂಡತಿಯ ತವರಿನವರನ್ನು ಕರೆತಂದು ತೋರಿಸುವ ಭಾನುವಾರಗಳು. ಎಣಿಸುತ್ತಾ ಹೋದರೆ ಬೋರ್ಡು ಹಾಕಬೇಕಾದ ದಿನ ಜನವರಿಯ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ, ಅಪ್ಪಟ ಧನುರ್ಮಾಸದಲ್ಲಿ. ಮಾತುಕತೆಗೆ ಅದು ಆಗದ ಕಾಲವಾದರೂ ಬೋರ್ಡಿಗೆ ಅಡ್ಡಿಯಿಲ್ಲ. ಡಿಸೆಂಬರ್ ರಜೆಗೆ ಊರಿಗೆ ಬಂದ ಹೊರದೇಶದವರು ಬೀದಿ ಸುತ್ತುವುದೂ ಆಗಲೇ. ಅವರು ಜನವರಿ ಎರಡನೆಯ ವಾರ ವಿಮಾನ ಹತ್ತಿಬಿಡುತ್ತಾರೆ, ಆದ್ದರಿಂದ ಆ ಗಿರಾಕಿಗೂ ಅವನದೇ ಆದ ಅವಸರ.

ಮಳೆ ಬರೆದ ಗೋಡೆ

2025ರ ಮಳೆ ಬೇಗ ಬಂತು. ಮೇ 24ಕ್ಕೇ ಕೇರಳಕ್ಕೆ ಮುಂಗಾರು. ಕನ್ನಂಬಾಡಿ ಕಟ್ಟೆ ಜೂನ್ ಮುಗಿಯುವ ಮೊದಲೇ ತುಂಬಿ, ಮುಖ್ಯಮಂತ್ರಿಗಳು ಜೂನ್ 30ಕ್ಕೆ ಬಾಗಿನ ಅರ್ಪಿಸಿದರು. ರೈತರಿಗೆ ಸಂತೋಷದ ವರ್ಷ. ನಮ್ಮ ಮನೆಯ ಮಹಡಿ ಕೋಣೆಯ ವಾಯವ್ಯ ಮೂಲೆಯಲ್ಲಿ ಮಾತ್ರ ಹೊಸ ಬಣ್ಣವನ್ನು ತಳ್ಳಿಕೊಂಡು ಹಳೆಯ ತೇವ ಮೇಲೆ ಬಂತು. ಆಷಾಢ ಹಿಡಿದ ಮೇಲೆ ಬ್ರೋಕರ್ ಫೋನ್ ಮಾಡುವುದನ್ನು ಬಿಟ್ಟರು. ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಕೆಲವರು ಈ ತಿಂಗಳಲ್ಲಿ ಬೋರ್ಡು ಇಳಿಸದವನಿಗೆ ಏನೋ ತುರ್ತಿರಬೇಕು ಎಂದು ವಾಸನೆ ಹಿಡಿದುಕೊಂಡು ಬರುವವರು. ಒಬ್ಬ ಮಹಾಶಯರು ಒಳಗೂ ಬರದೆ, ಗೇಟಿನ ಬಳಿಯೇ ನಿವೇಶನದ ಅಗಲ ಹೆಜ್ಜೆಯಲ್ಲಿ ಅಳೆದು, ಮನೆಯ ಬೆಲೆ ಸೊನ್ನೆ ಎಂದು ಹಿಡಿದು, ಕೆಡವಿ ಪಿ.ಜಿ. ಕಟ್ಟುವ ಲೆಕ್ಕದಲ್ಲಿ ಒಂದು ಮೊತ್ತ ಹೇಳಿದರು. ಅಮ್ಮನಿಗೆ ಆ ಮೊತ್ತ ಹೇಳಲಿಲ್ಲ. ಸೊನ್ನೆಯ ವಿಷಯವಂತೂ ಹೇಳುವಂತೆಯೇ ಇರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಸೋನೆ ಹಿಡಿದಿದ್ದಾಗ, ಹಾಸನದ ಕಡೆಯ ನಿವೃತ್ತ ಇಂಜಿನಿಯರ್ ಒಬ್ಬರು ಹೆಂಡತಿಯ ಜೊತೆ ಬಂದರು. ನೀರಾವರಿ ಇಲಾಖೆಯಲ್ಲಿದ್ದವರು. ಮಗಳು ಮೈಸೂರಿನಲ್ಲಿದ್ದಾಳೆ, ಅವಳ ಹತ್ತಿರ ಇರಬೇಕು. ಹಾಲ್, ಅಡುಗೆಮನೆ ಯಾವುದನ್ನೂ ನೋಡದೆ ‘ಮೊದಲು ತಾರಸಿ’ ಎಂದರು. ಛತ್ರಿ ಬಿಡಿಸಿ ತಾರಸಿಯಲ್ಲಿ ನಿಂತು, ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ದೋಣಿಯ ಬಾಯಿಗೆ ಮಾವಿನ ಎಲೆ ಕಟ್ಟಿಕೊಂಡಿದೆಯೇ ಎಂದು ಬಹಳ ಹೊತ್ತು ನೋಡಿದರು. ಕೆಳಗಿಳಿದು ಮಹಡಿ ಕೋಣೆಗೆ ಬಂದು, ನಾನು ತೋರಿಸುವ ಮೊದಲೇ, ವಾಯವ್ಯ ಮೂಲೆಗೆ ಹೋಗಿ ಗೋಡೆಗೆ ಅಂಗೈ ಇಟ್ಟರು. ವೈದ್ಯರು ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ‘ಇದು ಎಷ್ಟು ವರ್ಷದ್ದು ತಾಯಿ?’ ಎಂದರು. ಅಪ್ಪ ಇದ್ದಾಗಿನಿಂದಲೂ ಇದೆ, ಮಳೆಗಾಲ ಮುಗಿದರೆ ಹೋಗುತ್ತದೆ ಎಂದೆ. ‘ಹೋಗುವುದಿಲ್ಲ, ಒಣಗುತ್ತದೆ. ಬೇಸಿಗೆಯಲ್ಲಿ ಬಂದಿದ್ದರೆ ನನಗೂ ಕಾಣುತ್ತಿರಲಿಲ್ಲ’ ಎಂದು ನಕ್ಕರು. ನಂತರ ಹಾಲ್‌ನಲ್ಲಿ ಕೂತು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ತಾರಸಿಗೆ ಹೊಸ ಗಾರೆ, ಇಳಿಜಾರು ಸರಿಪಡಿಸುವುದು, ಆ ಗೋಡೆಯ ಸಿಮೆಂಟ್ ಕೆತ್ತಿ ಮತ್ತೆ ಹಾಕುವುದು ಎಂದು ಬರೆದು ಕೂಡಿಸಿ ನನ್ನ ಮುಂದೆ ಹಿಡಿದರು. ನಾವು ಹೇಳಿದ ಬೆಲೆಯಿಂದ ಅಷ್ಟನ್ನು ಕಳೆದರೆ ಅವರಿಗೆ ಒಪ್ಪಿಗೆ. ಬೇರೆ ಚೌಕಾಸಿ ಇಲ್ಲ. ಪಶ್ಚಿಮ ಬಾಗಿಲಿನ ಬಗ್ಗೆ ಕೇಳಿದರೆ, ಕೈಗಾಡಿಯ ತರಕಾರಿಯವನು ಬರುವ ದಿಕ್ಕೇ ತಮಗೆ ಒಳ್ಳೆಯ ದಿಕ್ಕು ಎಂದರು. ಮುಂಗಡದ ಮಾತು ಬಂದಾಗ ಮಾತ್ರ ಅದುವರೆಗೆ ಸುಮ್ಮನಿದ್ದ ಅವರ ಹೆಂಡತಿ ಬಾಯಿ ತೆರೆದರು: ‘ಶ್ರಾವಣ ಬರಲಿ.’ ಇಂಜಿನಿಯರ್ ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆಷಾಢದಲ್ಲಿ ಕೊಟ್ಟ ಮಾತಿಗೆ ಜುಲೈ 25ರ ಶುಕ್ರವಾರ, ಶ್ರಾವಣದ ಮೊದಲ ದಿನ, ಮುಂಗಡದ ಹಣ ಬಂದು ಸೇರಿತು.

ಅಲ್ಲಿಂದ ಮುಂದೆ ನಾನು ಈ ಇಬ್ಬರು ಗಿರಾಕಿಗಳನ್ನು ಮನಸ್ಸಿನಲ್ಲೇ ಹೋಲಿಸುತ್ತಾ ಇದ್ದೇನೆ. ಏಪ್ರಿಲ್‌ನ ಕುಟುಂಬ ಮಾವಿನ ಮರಕ್ಕೆ ಒಲಿದಿತ್ತು, ಕೊಂಡಿದ್ದರೆ ಜುಲೈನಲ್ಲಿ ಅವರಿಗೆ ಗೋಡೆ ಕಾಣುತ್ತಿತ್ತು. ಕೊಂಡ ಮೊದಲ ಮಳೆಗಾಲದಲ್ಲೇ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಹಾಗೆಂದು ಆಷಾಢದಲ್ಲಿ ಬರುವವರೆಲ್ಲ ಸಜ್ಜನರು ಎನ್ನಲಾರೆ. ಹೆಜ್ಜೆ ಅಳತೆಯ ಮಹಾಶಯರೂ ಅದೇ ತಿಂಗಳಲ್ಲಿ ಬಂದವರು. ಆದರೆ ಮಳೆಯಲ್ಲಿ ಛತ್ರಿ ಹಿಡಿದು ತಾರಸಿ ಹತ್ತುವವರು ಮನೆ ಬೇಕಾಗಿಯೇ ಬಂದಿರುತ್ತಾರೆ. ಭಾನುವಾರದ ಹೊತ್ತು ಕಳೆಯಲು ಬಂದವರಲ್ಲ.

ಬೆಂಗಳೂರಿನಲ್ಲಿ ಈ ಋತುಭೇದ ಇನ್ನೂ ಕಟುವಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರಿನ ಕೋಟಿಗಟ್ಟಲೆಯ ವಿಲ್ಲಾಗಳ ಹಾಲ್‌ಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದ ಮೇಲೆ ಆ ಕಡೆ ಮನೆ ನೋಡುವವರು ಮೊದಲು ಕೇಳುವುದು ‘ಆ ವರ್ಷ ಇಲ್ಲಿಗೆ ನೀರು ಬಂದಿತ್ತೇ?’ ಎಂದು. 2024ರ ಮಾರ್ಚ್‌ನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಗಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ‘ಕಾವೇರಿ ಸಂಪರ್ಕ ಇದೆಯೇ, ಟ್ಯಾಂಕರೇ?’ ನನ್ನ ಚಿಕ್ಕಪ್ಪನ ಮಗಳ ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಮಳೆಗಾಲಕ್ಕೆ ನೀರು, ನಲ್ಲಿಯಲ್ಲಿ ಬೇಸಿಗೆಗೆ ಗಾಳಿ. ಅವಳಿಗೆ ಮಾರಲು ಉಳಿದಿರುವುದು ನವೆಂಬರ್‌ನಿಂದ ಫೆಬ್ರವರಿ, ಅದರಲ್ಲೂ ನಡುವೆ ಧನುರ್ಮಾಸ. ಪಾಪ ಎನ್ನಿಸುತ್ತದೆ. ಕೊಳ್ಳುವವರ ಬಗ್ಗೆಯೂ ಪಾಪ ಎನ್ನಿಸುತ್ತದೆ, ಅದನ್ನು ಅವಳ ಮುಂದೆ ಹೇಳಿಲ್ಲ.

ಸರ್ಕಾರಕ್ಕೂ ಒಂದು ಪಂಚಾಂಗವಿದೆ

ಆಷಾಢದ ಆ ತಿಂಗಳು ನಾವು ಸುಮ್ಮನೆ ಕೂತಿರಲಿಲ್ಲ. ಗಿರಾಕಿಗಳಿಲ್ಲದ ಕಾಲ ಕಾಗದ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ, ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ 2024ರ ಕೊನೆಯ ಹೊತ್ತಿಗೆ ಬಂದಿತ್ತು. ನಿವೇಶನ ಹಂಚಿಕೆಯ ಹಳೆಯ ಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಊರಿನ ಹೆಸರು ಸಮೇತ ಪೂರ್ತಿ ಹೆಸರು, ಮರಣಪತ್ರದಲ್ಲಿ ಮೂರನೆಯದೇ ಒಂದು. ಮೂರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ, ಅಮ್ಮ, ಅಣ್ಣ, ನಾನು ಮೂವರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಿತ್ತು. ಅಣ್ಣನ ಅಧಿಕಾರಪತ್ರ ಬಂದ ಮೇಲೆ ಅದಕ್ಕೆ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕಿತ್ತು. ಅಣ್ಣ ಅನಿವಾಸಿಯಾದ್ದರಿಂದ, ಕೊಳ್ಳುವವರು ಅವನ ಪಾಲಿನ ಲಾಭ ಎಷ್ಟೆಂದು ನೋಡದೆ ಪಾಲಿನ ಪೂರ್ತಿ ಮೊತ್ತದ ಮೇಲೆ ತೆರಿಗೆ ಮುರಿದುಕೊಳ್ಳಬೇಕಾಗುತ್ತದೆ. ಅದು ಬೇಡವೆಂದರೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಮೊದಲೇ ತರಿಸಿಕೊಳ್ಳಬೇಕು. ಇದಕ್ಕೆಲ್ಲ ವಾರಗಳು ಹಿಡಿಯುತ್ತವೆ. ಕಾಗದ ಸರಿಯಿಲ್ಲದ ಮನೆಗೆ ಹನ್ನೆರಡು ತಿಂಗಳೂ ಆಷಾಢ ಎಂದು ನಾನು ಅಣ್ಣನಿಗೆ ಬರೆದಿದ್ದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಲೆಕ್ಕಪರಿಶೋಧಕರು ಮಾರ್ಚ್ ಬೇಡ ಎಂದದ್ದರ ಗುಟ್ಟು ಆಗ ತಿಳಿಯಿತು. ಹಳೆಯ ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ವಿನಾಯಿತಿ ಇದೆ. ಕೊಳ್ಳಲು ಎರಡು ವರ್ಷ, ಕಟ್ಟಲು ಮೂರು ವರ್ಷ. ಆದರೆ ಮನೆ ಇನ್ನೂ ಸಿಗದಿದ್ದರೆ ಆ ವರ್ಷದ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ ಕೊನೆಗೆ, ಉಳಿದ ಹಣವನ್ನು ಬಂಡವಾಳ ಲಾಭದ ವಿಶೇಷ ಖಾತೆಯಲ್ಲಿ ಇಡಬೇಕು. ಮಾರ್ಚ್ 31ಕ್ಕೆ ಮಾರಿದವರಿಗೆ ಇದಕ್ಕೆ ನಾಲ್ಕು ತಿಂಗಳು. ಮರುದಿನ, ಏಪ್ರಿಲ್ 1ಕ್ಕೆ ಮಾರಿದವರಿಗೆ ಹದಿನಾರು. ಒಂದು ರಾತ್ರಿ ಕಾದದ್ದಕ್ಕೆ ಒಂದು ವರ್ಷ. ಯಾವ ಮುಹೂರ್ತವೂ ಇಷ್ಟು ಉದಾರಿಯಲ್ಲ.

ಇನ್ನೊಂದು ವಿಚಿತ್ರವೂ ಇದರಲ್ಲೇ ಇದೆ. 2024ರ ಜುಲೈ 23ರಿಂದ ತೆರಿಗೆ ಶೇಕಡಾ 12.5, ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಹಿಗ್ಗಿಸಿಕೊಳ್ಳುವ ಹಳೆಯ ಸೌಲಭ್ಯ ಹೋಯಿತು. ಗದ್ದಲವಾದ ಮೇಲೆ, ಅದಕ್ಕೂ ಮುಂಚಿನ ಆಸ್ತಿಗೆ ಶೇಕಡಾ 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಿ ಕಡಿಮೆಯದನ್ನು ಕಟ್ಟಬಹುದು ಎಂದರು, ಆದರೆ ಭಾರತದ ನಿವಾಸಿಗಳಿಗೆ ಮಾತ್ರ. ಅಂದರೆ ಒಂದೇ ಮನೆ, ಒಂದೇ ದಿನ, ಒಂದೇ ಕ್ರಯಪತ್ರ. ಅಮ್ಮನಿಗೂ ನನಗೂ ಎರಡು ದಾರಿ, ಅಣ್ಣನಿಗೆ ಒಂದೇ. 2001ಕ್ಕಿಂತ ಹಳೆಯ ಮನೆಗೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ಹಣದುಬ್ಬರದ ಸೂಚ್ಯಂಕ ಆಗ 100, 2025–26ಕ್ಕೆ 376. ನಾನೇ ಕಾಗದದ ಮೇಲೆ ಕೂಡಿ ಕಳೆದು ನೋಡಿದೆ: ಮಾರಿದ ಬೆಲೆ 2001ರ ಬೆಲೆಯ ಎಂಟು ಪಟ್ಟಿಗಿಂತ ಕೊಂಚ ಮೇಲೆ ಹೋಗಿದ್ದರೆ ಹೊಸ ಲೆಕ್ಕವೇ ಅಗ್ಗ. ಕುವೆಂಪುನಗರ ಅದನ್ನು ಎಂದೋ ದಾಟಿದೆ. ಹಾಗಾಗಿ ನಮ್ಮ ಎರಡನೆಯ ದಾರಿ ಬರಿಯ ಗೌರವಕ್ಕೆ.

ನೋಂದಣಿ ಆದದ್ದು ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ, ಬುಧವಾರ ಬೆಳಿಗ್ಗೆ, ರಾಹುಕಾಲಕ್ಕೆ ಇನ್ನೂ ಹೊತ್ತಿರುವಾಗ. ಆ ತಿಂಗಳೇ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ 6.6 ಇದ್ದದ್ದು 7.6. ಕೋಟಿ ರೂಪಾಯಿಯ ಮನೆಗೆ ಒಂದು ಲಕ್ಷದ ವ್ಯತ್ಯಾಸ. ಗಣೇಶನ ಹಬ್ಬದ ವಾರ ಸುದ್ದಿ ಹೊರಬಿದ್ದು, ಜನ ಒಂದೆರಡು ದಿನಗಳಲ್ಲೇ ನೋಂದಣಿ ಮುಗಿಸಲು ಮುಗಿಬಿದ್ದರು. 2023ರಲ್ಲೂ ಹೀಗೆಯೇ, ಅಕ್ಟೋಬರ್ 1ರಿಂದ ಶುಲ್ಕ ಲೆಕ್ಕ ಹಾಕಲು ಸರ್ಕಾರ ಹಿಡಿಯುವ ಮಾರ್ಗಸೂಚಿ ದರ ಏರುತ್ತದೆ ಎಂದಾಗ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಕಚೇರಿಗಳ ಮುಂದೆ ಜಾತ್ರೆ. ಎರಡೂ ಸಲ ಭಾದ್ರಪದ, ಪಿತೃಪಕ್ಷದ ತಿಂಗಳು. ಶುಲ್ಕ ಏರುವ ಸುದ್ದಿಗೆ ಮಾಸದೋಷ ಪರಿಹರಿಸುವ ಶಕ್ತಿಯಿದೆ. ಇಂಜಿನಿಯರ್ ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ ತಾರಸಿಯ ಕೆಲಸ ಶುರುವಾಗಿದೆ ಎಂದು ಹೇಳಿದರು, ಶುಲ್ಕದ ವಿಷಯ ಎತ್ತಿ ಒಮ್ಮೆ ಜೋರಾಗಿ ನಕ್ಕರು.

ಅಣ್ಣ ಡಿಸೆಂಬರ್ ರಜೆಯಲ್ಲಿ ಬಂದ. ಊಟಕ್ಕೆ ಕೂತಾಗ, ಮೇಷ್ಟರು ಹೇಳಿದಂತೆ ದಸರಾ ತನಕ ಕಾದಿದ್ದರೆ ಇನ್ನೂ ಸ್ವಲ್ಪ ಸಿಗುತ್ತಿತ್ತು ಎಂದ. ದಸರೆಯ ಹೊತ್ತಿಗೆ ಏರಿದ್ದ ಆ ಒಂದು ಶೇಕಡಾವನ್ನು ಕೊಳ್ಳುವವರು ನಮ್ಮ ಬೆಲೆಯಿಂದಲೇ ಕಳೆಯುತ್ತಿದ್ದರು ಎಂದೆ. ‘ಅದು ನಿನ್ನ ಊಹೆ’ ಎಂದ. ‘ನಿನ್ನದೂ ಊಹೆಯೇ’ ಎಂದೆ. ಅದೇ ಮನೆಯನ್ನು ಇನ್ನೊಮ್ಮೆ ದಸರೆಯಲ್ಲಿ ಮಾರಿ ನೋಡುವಂತಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು. ಮುಂದಿನ ರಜೆಗೂ ಉಳಿದೀತು. ಅಮ್ಮನಿಗೆ ಈ ವಾದ ಬೇಕಿರಲಿಲ್ಲ. ಅವರ ಪಾಲಿನ ಹಣಕ್ಕೆ ನನ್ನ ಮನೆಯ ಹತ್ತಿರವೇ ಒಂದು ಚಿಕ್ಕ ಫ್ಲ್ಯಾಟ್ ನೋಡಬೇಕೆಂದಿದ್ದೇವೆ. ಬ್ರೋಕರ್ ಒಬ್ಬರು ಏಪ್ರಿಲ್‌ನಲ್ಲೇ ಮುಗಿಸಿಬಿಡಿ, ಅಕ್ಷಯ ತೃತೀಯ ಒಳ್ಳೆಯ ದಿನ ಎನ್ನುತ್ತಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. ಅಧಿಕಮಾಸ ಕಳೆಯಲಿ, ಮಳೆ ಹಿಡಿಯಲಿ, ಆಷಾಢದಲ್ಲಿ ಹೋಗಿ ನೋಡೋಣ ಎಂದು ಅವರ ಹಟ. ಮುಂಗಡ ಮಾತ್ರ ಶ್ರಾವಣಕ್ಕೆ.